ಹಳೇ ಬೈಕಿಗೆ ಒಂದು ಪೆನ್ಸಿಲ್ಲು

ಹತ್ತಿ ಮಾರಿದ ದುಡ್ಡು ಕೈಗೆ ಬಂತೆಂದರೆ ನಮ್ಮ ಚಂದ್ರಬಂಡದ ಕಡೆ ಹಳೇ ಬೈಕುಗಳ ಮಾತು ಶುರುವಾಗುತ್ತದೆ. ಈ ಸಲ ನಮ್ಮ ಓಣಿಯ ಎಂಟನೇ ತರಗತಿಯ ಹುಡುಗನೊಬ್ಬ ಬಂದು, "ತಾತ, ನಮ್ಮಣ್ಣ ರಾಯಚೂರಿನಾಗ ಒಂದು ಗಾಡಿ ನೋಡ್ಯಾನ. ಇಪ್ಪತ್ತೆಂಟು ಸಾವಿರ ಅಂತ. ನೀವೂ ಬರ್ರಿ" ಎಂದ. ನಾನು ಮೆಕ್ಯಾನಿಕ್ ಅಲ್ಲ. ಬ್ಯಾಂಕಿನ ಸಾಲದ ಕೌಂಟರಿನಲ್ಲಿ ಕೂತು ಗಾಡಿಗಳ ಕಾಗದ ನೋಡಿದವನು. ಆದರೂ ಹಳೇ ಗಾಡಿ ನೋಡಲು ಹೋಗುವಾಗ ನನ್ನ ಜೇಬಿನಲ್ಲಿ ಮೂರು ಸಾಮಾನು ಇರುತ್ತವೆ: ಒಂದು ಚಿಕ್ಕ ಟಾರ್ಚು, ಒಂದು ಅಯಸ್ಕಾಂತ, ಒಂದು ಪೆನ್ಸಿಲ್ಲು. ಈ ವಾರ ಅವುಗಳ ಕೆಲಸ ಹೇಳುತ್ತೇನೆ. ಮಕ್ಕಳೇ, ನೀವು ಗಾಡಿ ಕೊಳ್ಳುವವರಲ್ಲ ನಿಜ. ಆದರೆ ನಿಮ್ಮ ಕಣ್ಣು ಚುರುಕು, ನಮ್ಮದು ಮಂಜು. ಅಜ್ಜನ ಜೊತೆ ನೀವೂ ಹೋಗಿ.

ಮಾರುವವನ ಮನೆ ಮುಂದೆ ನಿಂತ ಕೂಡಲೇ ಮಾಡುವ ಮೊದಲ ಕೆಲಸ, ಇಂಜಿನ್ ಮೇಲೆ ಹುಷಾರಾಗಿ ಕೈ ಇಟ್ಟು ನೋಡುವುದು. ಬಿಸಿ ಇದ್ದರೆ ನಾವು ಬರುವ ಮೊದಲೇ ಅವರು ಅದನ್ನು ಚಾಲೂ ಮಾಡಿ ಇಟ್ಟಿದ್ದಾರೆ ಎಂದರ್ಥ. ತಣ್ಣಗಿದ್ದಾಗ ಹತ್ತು ಕಿಕ್ ಬೇಡುವ ಗಾಡಿ, ಬಿಸಿಯಾದ ಮೇಲೆ ಒಂದೇ ಕಿಕ್ಕಿಗೆ ಏಳುತ್ತದೆ. "ಒಂದು ಚಹಾ ಕುಡಿದು ಬರ್ತೀವ್ರಿ" ಎಂದು ಹೇಳಿ ಹೋಗಿ, ಅರ್ಧ ತಾಸು ಬಿಟ್ಟು ಬನ್ನಿ. ಆಮೇಲೆ ಚಾಲೂ ಮಾಡಿಸಿ ಸೈಲೆನ್ಸರ್ ಹಿಂದೆ ಪಕ್ಕಕ್ಕೆ ನಿಂತು ಹೊಗೆ ನೋಡಿ. ಈಗಿನ ಫೋರ್ ಸ್ಟ್ರೋಕ್ ಬೈಕುಗಳಲ್ಲಿ ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಪೆಟ್ರೋಲಿನ ಜೊತೆ ಉರಿಯುತ್ತಿದೆ. ಪಿಸ್ಟನ್ ರಿಂಗ್ ಸವೆದಿರಬಹುದು, ವಾಲ್ವಿನ ಸೀಲ್ ಹೋಗಿರಬಹುದು. ಅದು ದೊಡ್ಡ ಖರ್ಚು. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ, ಇಲ್ಲವೇ ಏರ್ ಫಿಲ್ಟರ್ ಕಟ್ಟಿಕೊಂಡಿದೆ. ನಮ್ಮ ಕಡೆಯ ಧೂಳಿಗೆ ಏರ್ ಫಿಲ್ಟರ್ ಕಟ್ಟುವುದು ಸಹಜ, ಅದು ಸಣ್ಣ ಖರ್ಚು. ಚಳಿಗಾಲದ ಬೆಳಿಗ್ಗೆ ಬರುವ ತೆಳು ಬಿಳಿ ಹಬೆಗೆ ಹೆದರಬೇಕಿಲ್ಲ, ಅದು ನೀರಿನ ಆವಿ.

ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಓಡಿದೆ ಎಂದು ಎಲ್ಲರೂ ಮೊದಲು ಬಗ್ಗಿ ನೋಡುತ್ತಾರೆ. ನಾನು ಅದನ್ನು ಕೊನೆಗೆ ನೋಡುತ್ತೇನೆ. ಹಳೇ ಗಾಡಿಯ ಮೀಟರ್ ಕೇಬಲ್ ಬಿಚ್ಚಿಟ್ಟು ವರ್ಷಗಟ್ಟಲೆ ಓಡಿಸಿರಬಹುದು, ಇಡೀ ಮೀಟರನ್ನೇ ಬದಲಿಸಿರಬಹುದು. ಕಾಲಿಡುವ ರಬ್ಬರು, ಬ್ರೇಕ್ ಪೆಡಲ್, ಕೀಲಿ ತೂತು ಇವು ಸುಳ್ಳು ಹೇಳುವುದಿಲ್ಲ. ಮೀಟರಿನಲ್ಲಿ ಹದಿನೆಂಟು ಸಾವಿರ, ಕಾಲಿಡುವ ರಬ್ಬರು ಸವೆದು ಕಬ್ಬಿಣ ಕಾಣುತ್ತಿದೆ ಎಂದರೆ ಯಾವುದನ್ನು ನಂಬುತ್ತೀರಿ? ಹಿಂದಿನ ಗಾಲಿಯ ಹಲ್ಲುಚಕ್ರವನ್ನೂ ನೋಡಿ. ಹಲ್ಲುಗಳು ಮುಳ್ಳಿನ ಹಾಗೆ ಚೂಪಾಗಿ ಒಂದು ಕಡೆ ವಾಲಿದ್ದರೆ ಚೈನು, ಸ್ಪ್ರಾಕೆಟ್ ಎರಡೂ ಒಟ್ಟಿಗೆ ಬದಲಿಸಬೇಕು. ಒಂದನ್ನೇ ಹೊಸದು ಹಾಕಿದರೆ ಹಳೆಯದು ಹೊಸದನ್ನು ಬೇಗ ತಿಂದು ಹಾಕುತ್ತದೆ.

ಸೆಂಟರ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂದೆ ಒತ್ತಿ ಹಿಡಿದು ಮುಂದಿನ ಗಾಲಿ ನೆಲ ಬಿಡುವಂತೆ ಮಾಡಿ. ಹ್ಯಾಂಡಲನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿ. ನಡುವೆ ಎಲ್ಲೋ 'ಕಟಕ್' ಎಂದು ಹಿಡಿದರೆ ಕೋನ್ ಸೆಟ್ ಹೋಗಿದೆ. ಇನ್ನು ಅಯಸ್ಕಾಂತದ ಕೆಲಸ. ಅದನ್ನು ಕರವಸ್ತ್ರದಲ್ಲಿ ಸುತ್ತಿ, ಪೆಟ್ರೋಲ್ ಟ್ಯಾಂಕಿನ ಮೇಲೆ ಅಲ್ಲಲ್ಲಿ ಇಡಿ. ಒಂದು ಕಡೆ ಹಿಡಿದು ಇನ್ನೊಂದು ಕಡೆ ಜಾರಿ ಬಿದ್ದರೆ, ಆ ಜಾಗದಲ್ಲಿ ಬಣ್ಣದ ಕೆಳಗೆ ದಪ್ಪ ಪುಟ್ಟಿ ಇದೆ. ಗಾಡಿ ಜೋರಾಗಿ ಬಿದ್ದು ಎದ್ದಿದೆ. ಟಾರ್ಚು ಹಾಕಿ ಮಡ್‌ಗಾರ್ಡಿನ ಒಳಗೆ, ಸ್ಟ್ಯಾಂಡಿನ ಬುಡದಲ್ಲಿ ತುಕ್ಕು ನೋಡಿ. ಮಾನ್ವಿ ಕಡೆಯ ಭತ್ತದ ಗದ್ದೆಗಳ ನಡುವೆ ಓಡಾಡಿದ ಗಾಡಿ ಮೇಲೆ ಎಷ್ಟು ಹೊಳೆದರೂ, ಕೆಳಗೆ ಕೆಸರು ತಿಂದಿರುತ್ತದೆ.

ಟೈರಿನ ಬದಿಯಲ್ಲಿ ಬರಹಗಳ ನಡುವೆ ನಾಲ್ಕು ಅಂಕಿಗಳು ಒಂದು ಚಿಕ್ಕ ಅಂಡಾಕಾರದೊಳಗೆ ಇರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ಮಾಡಿದ ಟೈರು. "ಟೈರು ಹೋದ ವರ್ಷ ಹಾಕ್ಸೀನ್ರಿ" ಎಂದವರ ಮುಂದೆ ಮಕ್ಕಳು ಇದನ್ನು ಜೋರಾಗಿ ಓದಿದರೆ ಐನೂರು ರೂಪಾಯಿಯಾದರೂ ಇಳಿಯುತ್ತದೆ. ಬಟನ್ ಚೆನ್ನಾಗಿದ್ದರೂ ಹಳೇ ರಬ್ಬರು ಬಿರುಕು ಬಿಟ್ಟಿರುತ್ತದೆ. ರಾಯಚೂರಿನ ಮೇ ತಿಂಗಳ ಡಾಂಬರಿನ ಮೇಲೆ ಅದು ಓಡಬೇಕು, ನೆನಪಿರಲಿ.

ಈಗ ಪೆನ್ಸಿಲ್ಲು. ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಸಿಂಹದ ಚಿತ್ರ ಮೂಡುವ ಆಟ ನೀವು ಆಡಿದ್ದೀರಿ. ಬೈಕಿಗೂ ಅದೇ ಆಟ. ಚೌಕಟ್ಟಿನ ಮೇಲೆ, ಸಾಮಾನ್ಯವಾಗಿ ಹ್ಯಾಂಡಲ್ ಕುತ್ತಿಗೆಯ ಹತ್ತಿರ, ಚಾಸಿ ನಂಬರನ್ನು ಕಬ್ಬಿಣಕ್ಕೆ ಒತ್ತಿರುತ್ತಾರೆ. ಇಂಜಿನ್ನಿನ ಮೇಲೆ ಇಂಜಿನ್ ನಂಬರ್ ಇರುತ್ತದೆ. ಮಣ್ಣು ಒರೆಸಿ, ತೆಳು ಕಾಗದ ಇಟ್ಟು, ಪೆನ್ಸಿಲ್ ಉಜ್ಜಿ. ಸಾಲದ ಕಾಗದಗಳ ಜೊತೆ ಇಂಥ ಅಚ್ಚುಗಳನ್ನು ನಾನು ಎಷ್ಟು ಅಂಟಿಸಿದ್ದೇನೋ ಲೆಕ್ಕವಿಲ್ಲ. ಈಗಿನ ಗಾಡಿಗಳ ಚಾಸಿ ನಂಬರಿನಲ್ಲಿ 17 ಅಕ್ಷರ ಮತ್ತು ಅಂಕಿಗಳಿರುತ್ತವೆ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಎಂಬ ಮೂರು ಅಕ್ಷರಗಳು ಎಂದೂ ಇರುವುದಿಲ್ಲ. ಒಂದು, ಸೊನ್ನೆಗಳ ಜೊತೆ ಕಣ್ಣು ತಪ್ಪಬಾರದೆಂದು ಅವನ್ನು ಬಿಟ್ಟಿದ್ದಾರೆ. ಅಚ್ಚಿನ ಸಾಲು ವಕ್ರವಾಗಿದ್ದರೆ, ಒಂದು ಅಂಕಿ ಮಾತ್ರ ಆಳವಾಗಿದ್ದರೆ, ಸುತ್ತ ಅರ ಉಜ್ಜಿದ ಗುರುತಿದ್ದರೆ, ನಮಸ್ಕಾರ ಹೇಳಿ ಮನೆಗೆ ಬನ್ನಿ. ಕದ್ದ ಗಾಡಿ ಇದ್ದೀತು.

ನಮ್ಮ ಹುಡುಗ ಅಂದು ಎರಡೂ ಅಚ್ಚು ತೆಗೆದು, ಆರ್‌ಸಿಯ ಪಕ್ಕ ಇಟ್ಟು, ಬೆರಳು ಇಟ್ಟು ಓದಿದ. ಚಾಸಿ ನಂಬರ್ ಸರಿಯಿತ್ತು. ಇಂಜಿನ್ ನಂಬರಿನ ಕೊನೆಯ ಐದು ಅಂಕಿಗಳಲ್ಲಿ ನಾಲ್ಕು ಬೇರೆ. ಮಾರುವವರು ನಕ್ಕು, "ಇಂಜಿನ್ ಬದಲಿ ಮಾಡಿಸೀವ್ರಿ ಸರ, ಇದು ಅದಕ್ಕಿಂತ ಚಲೋ ಐತಿ. ಏನಾಗಂಗಿಲ್ಲ ಬಿಡ್ರಿ" ಎಂದರು. ಚಲೋ ಇರಬಹುದು. ಆದರೆ ಇಂಜಿನ್ ಬದಲಿಸಿದರೆ ಆರ್‌ಟಿಒ ಕಚೇರಿಗೆ ತಿಳಿಸಿ ಹೊಸ ನಂಬರನ್ನು ಆರ್‌ಸಿಯಲ್ಲಿ ಬರೆಸಬೇಕು. ಆ ಇಂಜಿನ್ ಯಾವ ಗಾಡಿಯದು, ಆ ಗಾಡಿ ಯಾರದು ಎಂದು ಕೇಳಿದರೆ ಅವರ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಹುಡುಗನ ಅಣ್ಣನಿಗೆ ಮನಸ್ಸಿತ್ತು, ಬಣ್ಣ ಅವನಿಗೆ ಹಿಡಿಸಿತ್ತು. ದಾರಿಯುದ್ದಕ್ಕೂ ನನ್ನ ಜೊತೆ ಮಾತಾಡಲಿಲ್ಲ. ಮಾತಾಡದಿದ್ದರೆ ಬೇಡ.

ಆರ್‌ಸಿಯಲ್ಲಿ ಇನ್ನೊಂದು ಸಾಲು ನೋಡಬೇಕು. ಸಾಲ ತೆಗೆದು ಕೊಂಡ ಗಾಡಿಯಾದರೆ ಬ್ಯಾಂಕಿನ ಹೆಸರು ಅಲ್ಲಿರುತ್ತದೆ. ಸಾಲ ತೀರಿದರೆ ಆ ಹೆಸರು ತಾನಾಗಿ ಅಳಿಯುವುದಿಲ್ಲ. ಬ್ಯಾಂಕಿನವರು ಸಹಿ ಮಾಡಿದ ಫಾರ್ಮ್ 35 ಮತ್ತು ಸಾಲ ತೀರಿದ ಪತ್ರ ಆರ್‌ಟಿಒಗೆ ಕೊಡಬೇಕು. ಕೊನೆಯ ಕಂತು ಕಟ್ಟಿ ಖುಷಿಯಲ್ಲಿ ಬರಿಗೈಯಲ್ಲಿ ಹೊರಟವರನ್ನು ನಾನು ಕೂಗಿ ಕರೆದು ಕೂರಿಸುತ್ತಿದ್ದೆ. ನಮ್ಮ ಕಡೆ ಹಳೇ ಆರ್‌ಸಿಗಳಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಹೆಸರು ಇನ್ನೂ ಕಾಣಬಹುದು. ಆ ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. ಈಗ ಆ ಪತ್ರವನ್ನು ಕೇಳಬೇಕಾದ್ದು ಅಲ್ಲಿಯೇ.

ಗಡಿ ನಮಗೆ ದೂರವಲ್ಲ. ಗದ್ವಾಲ ಕಡೆಯಿಂದ ಟಿಎಸ್, ಅದಕ್ಕೂ ಹಿಂದಿನ ಎಪಿ ನಂಬರಿನ ಗಾಡಿಗಳು ಕಡಿಮೆ ರೇಟಿಗೆ ಬರುತ್ತವೆ. ಅಗ್ಗ ಯಾಕೆಂದರೆ ಉಳಿದ ಖರ್ಚು ನಿಮ್ಮ ತಲೆಗೆ. ಅಲ್ಲಿಯ ಆರ್‌ಟಿಒದಿಂದ ಆಕ್ಷೇಪವಿಲ್ಲ ಎಂಬ ಪತ್ರ, ಅಂದರೆ ಫಾರ್ಮ್ 28, ತರಬೇಕು. ಇಲ್ಲಿ ತೆರಿಗೆ ಕಟ್ಟಿ, ರಾಯಚೂರಿನ ಕೆಎ 36 ನಂಬರ್ ಪಡೆಯಬೇಕು. ಬೇರೆ ರಾಜ್ಯದ ನಂಬರಿನಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದೆಲ್ಲ ಕೂಡಿಸಿ ನೋಡಿದ ಮೇಲೆ ಅಗ್ಗವೋ ಅಲ್ಲವೋ ಹೇಳಿ.

ಇಷ್ಟೂ ಕೊಳ್ಳುವವರಿಗೆ. ಮಾರುವವರಿಗೆ ಹೇಳಬೇಕಾದ್ದು ಇನ್ನೂ ದೊಡ್ಡದು, ಅಜ್ಜಂದಿರು ಕೇಳಿ. ನಾನು ಕೆಲಸ ಮಾಡುತ್ತಿದ್ದಾಗ ಅಟೆಂಡರ್ ಒಬ್ಬರು ತಮ್ಮ ಹಳೇ ಮೊಪೆಡ್ಡನ್ನು ಪರಿಚಯದವರಿಗೆ ಮಾರಿದರು. ಸ್ಟ್ಯಾಂಪ್ ಪೇಪರಿನ ಮೇಲೆ ನಾಲ್ಕು ಸಾಲು, ಇಬ್ಬರ ಸಹಿ, ಅಷ್ಟೇ. ಕೊಂಡವನು ಮತ್ತೊಬ್ಬನಿಗೆ ಮಾರಿದ. ಆ ಮತ್ತೊಬ್ಬ ದೇವದುರ್ಗದ ರಸ್ತೆಯಲ್ಲಿ ಒಬ್ಬ ಮುದುಕರಿಗೆ ಗುದ್ದಿದ. ವಿಮೆ ಮುಗಿದಿತ್ತು. ಕೋರ್ಟಿನ ನೋಟಿಸು ಬಂದದ್ದು ಆರ್‌ಸಿಯಲ್ಲಿ ಹೆಸರಿದ್ದ ನಮ್ಮ ಅಟೆಂಡರಿಗೆ. ಮಗಳ ಮದುವೆಗೆಂದು ಇಟ್ಟಿದ್ದ ಪಿಎಫ್ ಹಣದಲ್ಲಿ ಒಂದು ಪಾಲು ಅದಕ್ಕೆ ಹೋಯಿತು. ಕೋರ್ಟಿಗೆ ತಿರುಗಿದ ಬಸ್ ಚಾರ್ಜು ಬೇರೆ. ಇದು ಹಳೇ ಕಾಲದ ಮಾತಲ್ಲ. ಹಲವು ಕೈ ಬದಲಾದ ಒಂದು ಕಾರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿತು: ಕಾಗದದಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ.

ಆದ್ದರಿಂದ ಫಾರ್ಮ್ 29, ಫಾರ್ಮ್ 30 ತುಂಬಿ ಸಹಿ ಮಾಡಿ ಕೊಂಡವರ ಕೈಗೆ ಕೊಟ್ಟು ಮನೆಗೆ ಬರಬೇಡಿ. ಅವರ ಜೊತೆಗೇ ಕಚೇರಿಗೆ ಹೋಗಿ. ಇದೇ ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಮಾರಿದವರು ತಿಳಿಸಬೇಕು, 30 ದಿನದೊಳಗೆ ಕೊಂಡವರು ತಿಳಿಸಬೇಕು. ವಿಮೆಯ ಹೆಸರನ್ನೂ 14 ದಿನದೊಳಗೆ ಬದಲಿಸಲು ಕೇಳಬೇಕು. ಗಾಡಿ ಕೈ ಬಿಟ್ಟ ದಿನ, ಗಂಟೆ ಬರೆದು ಇಬ್ಬರೂ ಸಹಿ ಹಾಕಿದ ಪ್ರತಿ ಇಟ್ಟುಕೊಳ್ಳಿ. ಆಮೇಲೆ ಒಂದು ತಿಂಗಳು ಬಿಟ್ಟು, ಮೊಮ್ಮಕ್ಕಳಿಗೆ ಪರಿವಾಹನ್ ತಾಣದಲ್ಲಿ ಗಾಡಿ ನಂಬರ್ ಹಾಕಿ ನೋಡಲು ಹೇಳಿ. ಹೆಸರು ಬದಲಾಗುವವರೆಗೆ ಆ ಗಾಡಿ ನಿಮ್ಮದೇ.

ಹಳೇ ಗಾಡಿ ಎಂದರೆ ಮಾಡಿಫೈ ಮಾಡಿಸುವ ಹುಚ್ಚು ಹುಡುಗರಿಗೆ ಬಂದೇ ಬರುತ್ತದೆ. ನಮ್ಮ ಕಾಲದಲ್ಲೂ ಇತ್ತು. ಆಗಿನ ರಾಜ, ಮೈಸೂರಿನ ಜಾವಾ. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಅಲ್ಲಿ ಬೈಕು ಮಾಡಿತು, 1973ರ ನಂತರ ಅವಕ್ಕೆ ಯೆಜ್ಡಿ ಎಂದು ಹೆಸರು, 1996ರಲ್ಲಿ ಬಾಗಿಲು ಮುಚ್ಚಿತು. ಕಿಕ್ ಹೊಡೆಯುವ ಕೋಲನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರು! ಎರಡು ಸೈಲೆನ್ಸರು, ಟೂ ಸ್ಟ್ರೋಕ್ ಆದ್ದರಿಂದ ನೀಲಿ ಹೊಗೆ ಅದಕ್ಕೆ ಸಹಜ. ಅವುಗಳನ್ನು ಇಂದಿಗೂ ಇಟ್ಟುಕೊಂಡವರು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಬಿಡಿಭಾಗ ಹುಡುಕಿ, ಕಾರ್ಖಾನೆಯಿಂದ ಬಂದಂತೆಯೇ ನಿಲ್ಲಿಸಲು ಒದ್ದಾಡುತ್ತಾರೆ. ಹಳೇ ಗಾಡಿಗೆ ಬೆಲೆ ಬರುವುದು ಹಾಗೆ. ಕಿವಿ ಹರಿಯುವ ಸೈಲೆನ್ಸರ್ ಹಾಕಿಸಿದರೆ ಬೆಲೆ ಇಳಿಯುತ್ತದೆ, ದಂಡ ಏರುತ್ತದೆ. ಕಾರ್ಖಾನೆ ಮಾಡಿದ, ಆರ್‌ಸಿಯಲ್ಲಿ ಬರೆದ ವಿವರಕ್ಕೆ ವಿರುದ್ಧವಾಗಿ ಗಾಡಿಯ ರೂಪ ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮೇ ಇದೆ. ಸೀಟಿಗೆ ಒಳ್ಳೆ ಕವರ್ ಹಾಕಿಸಿ, ಚೈನಿಗೆ ಎಣ್ಣೆ ಬಿಡಿ, ಬ್ರೇಕ್ ಶೂ ಹೊಸದು ಹಾಕಿಸಿ. ಆ ದುಡ್ಡು ದಂಡ.

ಹಳೇ ಲಾರಿಯ ಬಗ್ಗೆ ಕೆಲವರು ಕೇಳಿದ್ದರು. ಅದಕ್ಕೆ ಇವೆಲ್ಲದರ ಮೇಲೆ ಪರ್ಮಿಟ್, ಬಾಕಿ ತೆರಿಗೆ, ಫಿಟ್‌ನೆಸ್ ಪತ್ರ ನೋಡಬೇಕು. ಎಂಟು ವರ್ಷ ದಾಟಿದ ಲಾರಿಗೆ ಫಿಟ್‌ನೆಸ್ ಪ್ರತಿ ವರ್ಷ ಮಾಡಿಸಬೇಕು. ಉಳಿದದ್ದು ಇನ್ನೊಂದು ವಾರ.

ಮಕ್ಕಳೇ, ಅಚ್ಚು ತೆಗೆಯಿರಿ, ಟೈರು ಓದಿರಿ, ಕೀಲಿ ಮಾತ್ರ ಮುಟ್ಟಬೇಡಿ. ಗೇರಿನ ಬೈಕು ಓಡಿಸಲು 18 ತುಂಬಿರಬೇಕು. 2019ರಲ್ಲಿ ತಿದ್ದಿದ ಕಾಯ್ದೆಯಂತೆ ಚಿಕ್ಕವರು ಓಡಿಸಿ ಅಪರಾಧವಾದರೆ ಹಿರಿಯರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು. ಹೊಲದ ದಾರಿಯಲ್ಲಿ ಒಂದು ಸುತ್ತು ಎಂದು ಕೀಲಿ ಕೊಡುವ ಅಜ್ಜಂದಿರಿಗೂ ಈ ಮಾತು.

ಒಬ್ಬ ಅಜ್ಜಿ ಕಾಗದ ಬರೆದು ಕೇಳಿದ್ದಾರೆ, ಯಜಮಾನರು ತೀರಿಕೊಂಡ ಮೇಲೆ ಅವರ ಗಾಡಿಯನ್ನು ಮಾರುವುದು ಹೇಗೆ ಎಂದು. ತಾಯಿ, ಮೊದಲು ಅದು ನಿಮ್ಮ ಹೆಸರಿಗೆ ಬರಬೇಕು. ಅದಕ್ಕೆ ಇರುವುದು ಫಾರ್ಮ್ 31, ಮೂರು ತಿಂಗಳೊಳಗೆ ಕೊಡಬೇಕು. ಮರಣ ಪತ್ರ, ಆರ್‌ಸಿ, ವಿಮೆ ಜೊತೆಗಿರಲಿ. ಉಳಿದ ವಾರಸುದಾರರ ಒಪ್ಪಿಗೆಯನ್ನೂ ಬರಹದಲ್ಲಿ ತೆಗೆದಿಟ್ಟುಕೊಳ್ಳಿ. ತಡವಾಗಿದ್ದರೂ ಹೋಗಿ, ದಂಡ ಕಟ್ಟಿ ಮಾಡಿಸಿ. ಅಲ್ಲಿಯವರೆಗೆ ಯಾರು ಎಷ್ಟು ದುಡ್ಡು ಹಿಡಿದು ಬಂದರೂ ಗಾಡಿ ಅಂಗಳದಲ್ಲೇ ನಿಂತಿರಲಿ.