ಅಗಾರಿಯ ಮನೆ

ಕನ್ನಡದ ‘ಮನೆ’ ಕಟ್ಟಡವನ್ನಷ್ಟೇ ಹೇಳುವ ಮಾತಲ್ಲ. ಮನೆತನ, ಮನೆವಾರ್ತೆ, ಮನೆದೇವರು, ಮನೆಮಾತು ಎನ್ನುವಾಗ ಅದು ಗೋಡೆಗಳನ್ನು ದಾಟಿ ವಂಶವನ್ನೂ ವ್ಯವಹಾರವನ್ನೂ ನುಡಿಯನ್ನೂ ಒಳಗೊಳ್ಳುತ್ತದೆ. ಚೌಕಾಬಾರದ ಚೌಕವೂ ಮನೆಯೇ. ಇಷ್ಟು ವಿಸ್ತಾರವುಳ್ಳ ಪದವು ಇಂದಿನ ‘ಕನಸಿನ ಮನೆ’ಯ ನಕ್ಷೆಯಲ್ಲಿ ಕೋಣೆಗಳ ಎಣಿಕೆಯಾಗಿ ಕುಗ್ಗಿರುವುದು ಸೋಜಿಗ.

ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ವ್ರತಿಗಳನ್ನು ಅಗಾರಿ, ಅನಗಾರ ಎಂದು ಎರಡಾಗಿ ವಿಂಗಡಿಸುತ್ತದೆ. ಅಗಾರವೆಂದರೆ ಮನೆ, ಅದುಳ್ಳವನು ಗೃಹಸ್ಥ, ಅದನ್ನು ತೊರೆದವನು ಮುನಿ. 13ನೆಯ ಶತಮಾನದ ಆಶಾಧರನು ಸಾಗಾರಧರ್ಮಾಮೃತ, ಅನಗಾರಧರ್ಮಾಮೃತಗಳನ್ನು ಬೇರೆಬೇರೆಯಾಗಿ ರಚಿಸಿದ್ದೂ ಈ ವಿಭಾಗವನ್ನು ಅನುಸರಿಸಿಯೇ. ಆದರೆ ಸರ್ವಾರ್ಥಸಿದ್ಧಿ ಟೀಕೆಯಲ್ಲಿ ಪೂಜ್ಯಪಾದರು ಇಲ್ಲೊಂದು ಆಕ್ಷೇಪವನ್ನು ತಾವೇ ಎತ್ತುತ್ತಾರೆ. ಪಾಳುಮನೆಯಲ್ಲಿ ತಂಗಿದ ಮುನಿಯು ಅಗಾರಿಯಾಗುವನೆ? ವಿಷಯತೃಷ್ಣೆ ಅಡಗದೆ, ಯಾವುದೋ ಕಾರಣಕ್ಕೆ ಮನೆಬಿಟ್ಟು ಕಾಡು ಸೇರಿದವನು ಅನಗಾರನೆ? ಇಲ್ಲ, ವಿವಕ್ಷಿತವಾದುದು ಭಾವದ ಅಗಾರ ಎಂಬುದು ಅವರ ಸಮಾಧಾನ. ಮನೆ ಎಂದರೇನು ಎಂಬ ಪ್ರಶ್ನೆಗೆ ಇದಕ್ಕಿಂತ ಹರಿತವಾದ ಉತ್ತರ ದೊರೆಯುವುದು ಕಷ್ಟ.

ಅದೇ ಅಧ್ಯಾಯದಲ್ಲಿ ಗೃಹಸ್ಥನು ಮಿತಿ ಹಾಕಿಕೊಳ್ಳಬೇಕಾದ ಪರಿಗ್ರಹಗಳ ಸಾಲಿನಲ್ಲಿ ಕ್ಷೇತ್ರದ ಜೊತೆಗೇ ‘ವಾಸ್ತು’ ಬರುತ್ತದೆ. ಅಲ್ಲಿ ವಾಸ್ತುವೆಂದರೆ ಮನೆ, ಪ್ರಶ್ನೆ ಅದರ ಪ್ರಮಾಣದ್ದು. ಈಗಲೂ ಮನೆ ಕಟ್ಟುವವರ ಬಾಯಲ್ಲಿ ಮೊದಲು ಬರುವ ಮಾತು ವಾಸ್ತುವೇ. ಆದರೆ ಚರ್ಚೆಯೆಲ್ಲ ಬಾಗಿಲು ಯಾವ ದಿಕ್ಕಿಗೆ ಎಂಬುದರ ಸುತ್ತ. ಎಷ್ಟು ಸಾಕು ಎಂದು ಯಾರೂ ಕೇಳುವುದಿಲ್ಲ.

ಹಾಗೆಂದು ಮಿತಿ ಇಕ್ಕಟ್ಟಲ್ಲ. ಹಳೆಯ ತೊಟ್ಟಿಮನೆಯಲ್ಲಿ ಒಬ್ಬೊಬ್ಬರಿಗೊಂದು ಕೋಣೆಯಿರಲಿಲ್ಲ. ನಡುವಿನ ತೊಟ್ಟಿಯ ಬೆಳಕು ಎಲ್ಲರದಾಗಿತ್ತು, ಹೊರಗಿನ ಜಗಲಿ ದಾರಿಹೋಕನದೂ ಆಗಿತ್ತು. ಆ ಮನೆಗಳಲ್ಲಿ ಹೆಂಗಸರ ಪಾಲಿಗೆ ಹೊಗೆಯ ಅಡಿಗೆಮನೆಯೇ ಉಳಿಯುತ್ತಿತ್ತೆಂಬುದನ್ನು ಮರೆತು ಹೊಗಳುವುದೂ ಸಲ್ಲದು. 30×40 ಅಡಿಯ ನಿವೇಶನದಲ್ಲಿ ತೊಟ್ಟಿಯನ್ನು ಮರಳಿ ತರುವುದು ಹಲವರಿಗೆ ಆಗದ ಮಾತು. ಜಗಲಿ ಹಾಗಲ್ಲ, ಅದಕ್ಕೆ ಮೂರಡಿ ಅಗಲ ಸಾಕು. ಆದರೂ ನಕ್ಷೆಯಲ್ಲಿ ಮೊದಲು ಕಾಣೆಯಾಗುವುದು ಅದೇ. ಆ ಜಾಗ ಕಾರಿಗೆ ಹೋಗುತ್ತದೆ. ಮಂಡಿನೋವಿನ ಅಜ್ಜಿಯ ಹಾಸಿಗೆ ಮಹಡಿಯ ಮೇಲೇರುತ್ತದೆ, ಕೆಳಗೆ ವರ್ಷಕ್ಕೆರಡು ಬಾರಿ ಬರುವ ಅತಿಥಿಗಳ ಕೋಣೆ ಬೀಗ ಹಾಕಿಕೊಂಡಿರುತ್ತದೆ.