ಆಡಿನ ಸೂಲಿಗೂ ಮಳೆನಕ್ಷತ್ರದ ಲೆಕ್ಕ ಬೇಕು

ಆಡು ಸಾಕಣೆಯ ಯೋಜನಾ ವರದಿಗಳಲ್ಲಿ ಸಾಮಾನ್ಯವಾಗಿ ಕಾಣುವ ಮಾತೊಂದಿದೆ: ಎರಡು ವರ್ಷಕ್ಕೆ ಮೂರು ಸೂಲು. ಬಯಲುಸೀಮೆಯಲ್ಲಿ ಇದು ನಡೆದೀತು. ಮಲೆನಾಡಿನಲ್ಲಿ ಮಾತ್ರ ಈ ಲೆಕ್ಕವನ್ನು ಪಂಚಾಂಗದ ಪಕ್ಕದಲ್ಲಿಟ್ಟು ನೋಡಬೇಕು. ಎಂಟು ತಿಂಗಳಿಗೊಂದು ಸೂಲೆಂದರೆ, ಅಕ್ಟೋಬರಿನಲ್ಲಿ ಈದ ಆಡು ಜೂನ್‌ನಲ್ಲಿ, ಅನಂತರ ಫೆಬ್ರವರಿಯಲ್ಲಿ ಈಯುತ್ತದೆ. ಯಾವ ತಿಂಗಳಿನಿಂದ ಎಣಿಸಿದರೂ ಅಷ್ಟೇ. ಮೂರರಲ್ಲೊಂದು ಸೂಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳೊಳಗೆ ಬಿದ್ದೇ ಬೀಳುತ್ತದೆ.

ಆ ಮರಿಯ ಗತಿ ಏನೆಂಬುದು ಆಡು ಕಟ್ಟಿದ ಮನೆಯವರಿಗೆ ತಿಳಿಯದ್ದಲ್ಲ. ಆಗತಾನೆ ಹುಟ್ಟಿದ ಮರಿಯ ಮೈಯಲ್ಲಿ ಶಾಖ ಕಾಯ್ದುಕೊಳ್ಳಬಲ್ಲ ಕೊಬ್ಬು ಅತ್ಯಲ್ಪ. ಒದ್ದೆ ಕೊಟ್ಟಿಗೆಯಲ್ಲಿ ನ್ಯುಮೋನಿಯಾ, ರಕ್ತಭೇದಿ ತರುವ ಕಾಕ್ಸಿಡಿಯಾ, ಜಂತುಹುಳು ಒಂದರ ಹಿಂದೊಂದು ಬರುತ್ತವೆ. ಆಡು ನೀರಿಗೆ ಹೇಸುವ ಪ್ರಾಣಿ. ಜಡಿಮಳೆಯಲ್ಲಿ ಮೇಯದ ತಾಯಿಗೆ ಹಾಲೂ ಇಳಿಯದು. ಸಂಘದ ಸಾಲದಲ್ಲಿ ಆಡು ಕೊಂಡ ಮನೆಯಲ್ಲಿ ಕಂತಿನ ಲೆಕ್ಕಕ್ಕೆ ಮೂರು ಸೂಲು, ಮಾರಲು ಎರಡೇ ಸೂಲಿನ ಮರಿ.

ಸ್ವಿಟ್ಜರ್ಲೆಂಡ್ ಮೂಲದ ಸಾನೆನ್ ಆಡಿಗೆ ಈ ಎಚ್ಚರವನ್ನು ನಿಸರ್ಗವೇ ಕೊಟ್ಟಿದೆ. ಅಲ್ಲಿ ಬೇಸಿಗೆಯ ಹಗಲಿಗೂ ಚಳಿಗಾಲದ ಹಗಲಿಗೂ ಏಳು ಗಂಟೆಗೂ ಮಿಕ್ಕಿದ ಅಂತರ. ರಾತ್ರಿ ಉದ್ದವಾದಂತೆ ಮಿದುಳಿನ ಪೀನಿಯಲ್ ಗ್ರಂಥಿ ಹೆಚ್ಚು ಹೊತ್ತು ಮೆಲಟೋನಿನ್ ಸ್ರವಿಸುತ್ತದೆ, ಅಂಡಾಶಯ ಎಚ್ಚರಗೊಳ್ಳುತ್ತದೆ. ಶರತ್ಕಾಲದಲ್ಲಿ ಗಬ್ಬವಾದ ಆಡು ವಸಂತದ ಹಸಿರಿನಲ್ಲಿ ಈಯುತ್ತದೆ. ನಮ್ಮ ಘಟ್ಟದಲ್ಲಿ ಹಗಲಿನ ಏರಿಳಿತ ಎರಡು ಗಂಟೆಯೂ ಇಲ್ಲ. ಹಾಗಾಗಿ ನಾಡ ಆಡು ವರ್ಷದ ಯಾವ ಕಾಲದಲ್ಲೂ ಬೆದೆಗೆ ಬರಬಲ್ಲದು; ಹೊಟ್ಟೆ ತುಂಬಿದರಾಯಿತು. ಸುಗ್ಗಿಯ ನಂತರ, ಜನವರಿ–ಫೆಬ್ರವರಿಯಲ್ಲಿ ಹೋತ ಹಿಂಡಿನಲ್ಲೇ ಇದ್ದರೆ, 150 ದಿನದ ಗಬ್ಬ ಜೂನ್–ಜುಲೈಗೆ ಮುಗಿಯುತ್ತದೆ. ಇಲ್ಲಿ ನಿಸರ್ಗ ಮಾಡದ ತಡೆಯನ್ನು ಸಾಕುವವರೇ ಮಾಡಬೇಕಾಗಿದೆ.

ನನ್ನ ಅಭಿಪ್ರಾಯ ಇಷ್ಟು: ಮಳೆನಾಡಿನಲ್ಲಿ ವರ್ಷಕ್ಕೆ ಒಂದೇ ಸೂಲು ಸಾಕು. ಹೋತವನ್ನು ಕೃತ್ತಿಕೆ ಮಳೆಯಿಂದ ಮೃಗಶಿರೆ ಮುಗಿಯುವವರೆಗೆ ಮಾತ್ರ ಬಿಡಬೇಕು. ಬೆದೆ 21 ದಿನಗಳಿಗೊಮ್ಮೆ ಮರುಕಳಿಸುವುದರಿಂದ ಈ ಆರು ವಾರದಲ್ಲಿ ಪ್ರತಿ ಆಡಿಗೂ ಎರಡು ಅವಕಾಶ ಸಿಗುತ್ತದೆ. ಚಿತ್ತೆಯಿಂದ ವಿಶಾಖೆಯವರೆಗೆ ಮರಿಗಳು ಹುಟ್ಟುತ್ತವೆ. ಹೊಟ್ಟೆಯೊಳಗಿನ ಮರಿ ಬಹುಪಾಲು ಬೆಳೆಯುವುದು ಕೊನೆಯ ಆರೆಂಟು ವಾರಗಳಲ್ಲಿ. ಆಗ ಬೇಲಿ, ಬೆಟ್ಟದಲ್ಲೆಲ್ಲ ಸೊಪ್ಪು. ಹೋತವನ್ನು ಮೂರು-ನಾಲ್ಕು ವಾರ ವಾಸನೆಯೂ ತಾಗದಷ್ಟು ದೂರ ಕಟ್ಟಿ ಒಮ್ಮೆಗೇ ಬಿಟ್ಟರೆ, ಹಲವು ಆಡುಗಳು ಹತ್ತು ದಿನದೊಳಗೆ ಒಟ್ಟಿಗೇ ಬೆದೆಗೆ ಬರುತ್ತವೆ. ಬಡಕಲಾದ ಆಡುಗಳಿಗೆ ಅದಕ್ಕೂ ಮೊದಲು ಮೂರು ವಾರ ಹಲಸಿನ ಸೊಪ್ಪಿನೊಡನೆ ದಿನಕ್ಕೊಂದು ಬೊಗಸೆ ಜೋಳವೋ ಹಿಂಡಿಯೋ ಬೇಕು. ಸೊಪ್ಪು ಕೊಡುವ ಬೆಟ್ಟ ಅಕೇಶಿಯಾ ನೆಡುತೋಪಾದ ಊರುಗಳಲ್ಲಿ ಈ ಮೂರು ವಾರವೇ ಕಷ್ಟ.

ಆದರೆ ಒಂದು ಮನೆಯವರು ಮಾತ್ರ ಹೋತ ಕಟ್ಟಿ ಪ್ರಯೋಜನವಿಲ್ಲ, ಮೇಯುವ ಗುಡ್ಡ ಒಂದೇ. ಪೂರ್ವ ಆಫ್ರಿಕಾದ ಮಸಾಯಿ ಪಶುಪಾಲಕರು ಬೇಡದ ಕಾಲದಲ್ಲಿ ಟಗರಿನ ಹೊಟ್ಟೆಯಡಿಗೆ ಚರ್ಮದ ತುಂಡು ಕಟ್ಟುತ್ತಾರೆ. ಹೋತಕ್ಕೆ ನಮ್ಮ ಗೋಣಿತಾಟೂ ಆದೀತು. ಗಂಡುಮರಿಗಳನ್ನು ಮರೆಯಬಾರದು. ನಾಲ್ಕೈದು ತಿಂಗಳಿಗೇ ಅವು ತಾಯಿಯನ್ನೂ ಹಾರಬಲ್ಲವು. ಅಕ್ಟೋಬರಿನ ಮರಿಗಳ ಬೀಜ ಒಡೆಸುವ ಕೆಲಸ ಜನವರಿಯೊಳಗೆ ಆಗಬೇಕು. ಪಶುವೈದ್ಯರನ್ನು ಊರಿಗೆ ಕರೆಸಿ ಒಂದೇ ದಿನ ಎಲ್ಲ ಮನೆಯ ಮರಿಗಳಿಗೂ ಮಾಡಿಸುವುದು ಸುಲಭ. ಹೋತ ಕಟ್ಟುವ, ಬಿಡುವ ದಿನಗಳನ್ನೂ ಅಂದೇ ಕುಳಿತು ಗೊತ್ತುಮಾಡಿಕೊಳ್ಳಬಹುದು.