ಈ ಸಲ ಜಾತ್ರೆಗೆ ನಾಟಕ ಐತೇನು?

ಜಗಳೂರು ಕಡೆಯ ನಮ್ಮ ಗೆಳೆಯನ ಅಜ್ಜಿಗೆ ವಯಸ್ಸು ಎಂಬತ್ತರ ಮೇಲೆ. ಜಾತ್ರೆಯ ಹ್ಯಾಂಡ್‌ಬಿಲ್ ಮನೆಗೆ ಬಂದರೆ ಮೊದಲು ಕೇಳೋದು, "ಈ ಸಲ ನಾಟಕ ಐತೇನಪ್ಪಾ?" ತೇರು ಎಷ್ಟೊತ್ತಿಗೆ ಅನ್ನೋದು ಆಮೇಲೆ. ಮದುವೆಯಾಗಿ ಬಂದಾಗಿನಿಂದ ಸುತ್ತಲಿನ ಊರುಗಳ ನಾಟಕ ಬಿಟ್ಟವರಲ್ಲ. ರೊಟ್ಟಿ-ಚಟ್ನಿ ಕಟ್ಟಿಕೊಂಡು, ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ, ಕಂಬಳಿ ಹೊದ್ದು ಹೋದರೆ ಬೆಳಗಿನ ಜಾವ ಮಂಗಳ ಆದ ಮೇಲೇ ಏಳೋದು. ಓದು ಬರಹ ಬಾರದು. ಆದರೆ ಕಂದಗಲ್ ಹನುಮಂತರಾಯರ 'ರಕ್ತರಾತ್ರಿ'ಯ ಅಶ್ವತ್ಥಾಮನ ಮಾತು ಶುರು ಮಾಡಿಕೊಟ್ಟರೆ ಮುಂದಿನದು ಅವರೇ ಹೇಳ್ತಾರೆ.

ಪರದೇಶದಲ್ಲಿ ಜೀವನಪೂರ್ತಿ ಬ್ಯಾಲೆ ನೋಡಿದವರನ್ನು ಕಲಾರಸಿಕರು ಅಂತೀವಿ. ನಮ್ಮಜ್ಜಿಯಂಥವರಿಗೆ ಮಾತ್ರ "ನಾಟಕದ ಹುಚ್ಚು".

ಚನ್ನಗಿರಿ, ಹೊನ್ನಾಳಿ, ಜಗಳೂರು ಒಂದೇ ಜಿಲ್ಲೆಗೆ ಬಂದಿದ್ದು 1997ರಲ್ಲಿ. ನ್ಯಾಮತಿ ಆಗಿನ್ನೂ ಹೊನ್ನಾಳಿಯೊಳಗೇ ಇತ್ತು. ನಾಟಕದ ವಿಷಯಕ್ಕೆ ಮಾತ್ರ ದಾವಣಗೆರೆ ಅದಕ್ಕೂ ಮೊದಲಿಂದ ದೊಡ್ಡ ಹೆಸರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿನದು. ಆ ಕಂಪನಿಯ ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು. 2010ರಲ್ಲಿ ತೀರಿಕೊಂಡರು. ವೃತ್ತಿ ರಂಗಭೂಮಿಗೆಂದೇ ಸರ್ಕಾರ ರಂಗಾಯಣ ಕೊಟ್ಟಿರೋದೂ ದಾವಣಗೆರೆಗೇ.

ಇಷ್ಟಿದ್ದೂ ಊರೂರಿನ ಜಾತ್ರೆಯಲ್ಲಿ ನಾಟಕದ ಜಾಗಕ್ಕೆ ಆರ್ಕೆಸ್ಟ್ರಾ, ಡಿಜೆ ಬರ್ತಿದೆ. ಕಮಿಟಿಯವರು ಹೇಳೋದು ಒಂದೇ: ಹುಡುಗರು ಕೂರಲ್ಲ. ಪೂರ್ತಿ ಸುಳ್ಳೇನಲ್ಲ. ರಾತ್ರಿ ಹನ್ನೊಂದಕ್ಕೆ ನಾಂದಿ ಶುರು ಮಾಡಿ ಬೆಳಗಿನವರೆಗೆ ಎಳೆದರೆ ಮರುದಿನ ಅಡಿಕೆ ಸುಲಿಯೋಕೆ ಹೋಗೋ ಹುಡುಗ ಹೇಗೆ ಕೂತಾನು? ಎಂಟಕ್ಕೆ ಶುರು ಮಾಡಿ ಹನ್ನೆರಡಕ್ಕೆ ಮುಗಿಸಲಿ. ಭಾಷಣ, ಶಾಲು-ಹಾರ ಕಡಿಮೆ ಮಾಡಿದರೆ ಒಂದು ಗಂಟೆ ಅಲ್ಲೇ ಉಳಿಯುತ್ತೆ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಊರಿನ ಗಂಡಸರು ಹಾರ್ಮೋನಿಯಂ ಮಾಸ್ತರರನ್ನು ಕರೆಸಿ, ಗುಡಿಯಲ್ಲಿ ತಿಂಗಳುಗಟ್ಟಲೆ ತಾಲೀಮು ಮಾಡ್ತಾರೆ. ಸೀನರಿ ಬಾಡಿಗೆಗೆ ಬರುತ್ತೆ, ಸ್ತ್ರೀಪಾತ್ರಕ್ಕೆ ಕಲಾವಿದೆಯರು ಹೊರಗಿನಿಂದ ಬರ್ತಾರೆ. ದುರ್ಯೋಧನನ ಪಾರ್ಟಿಗೆ ಪೈಪೋಟಿ ಮೇಲೆ ದುಡ್ಡು ಕೊಡೋ ಊರಲ್ಲಿ ದ್ರೌಪದಿಗೆ ಸೀರೆ ಬದಲಿಸಲು ಒಂದು ಕೋಣೆ ಇರಲ್ಲ. ಒಂದೂರಲ್ಲಿ ನಾವೇ ನೋಡಿದ್ವಿ: ಇಬ್ಬರು ಕಲಾವಿದೆಯರು ಟ್ರ್ಯಾಕ್ಟರ್ ಟ್ರೇಲರ್ ಹಿಂದೆ ಬೆಡ್‌ಶೀಟ್ ಅಡ್ಡ ಹಿಡಿದು ಬಟ್ಟೆ ಬದಲಿಸಿದರು. ನಾಟಕ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನ ಕಟ್ಟೆಯಲ್ಲಿ ಮೊದಲ ಬಸ್ಸಿಗೆ ಕಾದರು. ಒಪ್ಪಿದ ದುಡ್ಡಲ್ಲಿ ಅರ್ಧ "ಆಮೇಲೆ ಕಳಿಸ್ತೀವಿ" ಅಂತ ಉಳಿದಿತ್ತು. ಹಾಡಿಗೆ ಶಿಳ್ಳೆ ಹೊಡೆದು ಮೊಬೈಲಲ್ಲಿ ವಿಡಿಯೋ ಹಿಡಿದವರಲ್ಲಿ ನಮ್ಮ ಓರಗೆಯವರೂ ಇದ್ದರು. ನಾವು ಆವತ್ತು ಸುಮ್ಮನಿದ್ವಿ. ಈಗ ಬರೀತಿದೀವಿ.

ಕಲಾವಿದೆಯರು ಬರೋದು ನಿಲ್ಲಿಸಿದರೆ ನಾಟಕವೂ ನಿಲ್ಲುತ್ತೆ. ಹಾಗಾಗಿ ಕಮಿಟಿಯವರಲ್ಲಿ ನಮ್ಮ ಬೇಡಿಕೆ ಇಷ್ಟೇ. ಶಾಲೆಯದ್ದೋ ಸಮುದಾಯ ಭವನದ್ದೋ ಚಿಲಕ ಇರೋ ಒಂದು ಕೋಣೆ, ಪಕ್ಕದಲ್ಲೇ ಶೌಚಾಲಯ. ಬಣ್ಣ ಹಚ್ಚೋ ಮೊದಲೇ ಪೂರ್ತಿ ದುಡ್ಡು. ಮುಗಿದ ಮೇಲೆ ಊರು ಮುಟ್ಟಿಸಲು ಒಂದು ಗಾಡಿ. ಡಿಜೆಗೆ ಕೊಡೋ ದುಡ್ಡಿನ ಮುಂದೆ ಇದೇನು ದೊಡ್ಡ ಖರ್ಚಲ್ಲ.

ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು, ಯಾವ ಕಡೆಯೇ ಇರಲಿ, ನಿಮ್ಮೂರ ಜಾತ್ರೆಗೆ ಈ ಸಲ ನಾಟಕ ಇದ್ದರೆ ತಿಳಿಸಿ. ಅಜ್ಜಿಗೆ ಬೈಕಲ್ಲಿ ಕೂರೋಕಾಗಲ್ಲ. ಆಟೋ ಮಾಡಿಕೊಂಡು ಕರಕೊಂಡು ಬರ್ತೀವಿ, ಮುಂದಿನ ಸಾಲಲ್ಲಿ ಒಂದು ಕುರ್ಚಿ ಹಿಡಿದಿಡಿ.